ಜೋರಾಗಿ ಒತ್ತಿಸಿಕೊಂಡರೆ ಬೇಗ ವಾಸಿಯಾಗುತ್ತಾ?

ಮಸಾಜ್ ಟೇಬಲ್ ಮೇಲೆ ಮಲಗಿದ ತಕ್ಷಣ ತುಂಬಾ ಜನ ಹೇಳುವ ಮಾತು ಒಂದೇ. "ಜೋರಾಗೇ ಒತ್ತಿ, ನಾನು ತಡ್ಕೋತೀನಿ." ನೋವು ಕಡಿಮೆಯಾಗಲಿ ಅಂತ ಬಂದವರು ಇನ್ನಷ್ಟು ನೋವು ಕೊಡಿ ಅಂತ ಕೇಳುತ್ತಾರೆ. ಬೆನ್ನೊಳಗೆ ಎಲ್ಲೋ ಗಂಟು ಕಟ್ಟಿಕೊಂಡಿದೆ, ಮೊಣಕೈ ಊರಿ ಬಲ ಹಾಕಿ ಒಡೆದರೆ ಸರಿಹೋಗುತ್ತೆ ಅನ್ನೋ ನಂಬಿಕೆ ಇದರ ಹಿಂದಿದೆ.

ಒಡೆಯುವಂಥ ಗಂಟು ಅಲ್ಲಿ ಇರೋದಿಲ್ಲ. ಕೈಗೆ ಗಟ್ಟಿಯಾಗಿ ಸಿಗುವ ಜಾಗಗಳು ಇವೆ, ಸುಳ್ಳಲ್ಲ. ಹೆಗಲಿಗೂ ಕತ್ತಿಗೂ ನಡುವೆ ಹೆಬ್ಬೆರಳಿಟ್ಟರೆ "ಹಾ, ಅಲ್ಲೇ ಅಲ್ಲೇ" ಅಂತಾರೆ. ಅದು ಬಿಗಿದುಕೊಂಡು ಕೂತ, ಮುಟ್ಟಿದರೆ ನೋಯುವ ಸ್ನಾಯು. ಯಾಕೆ ಹಾಗಾಗುತ್ತೆ ಅನ್ನೋದರ ಬಗ್ಗೆ ತಜ್ಞರಲ್ಲೇ ಇನ್ನೂ ಒಮ್ಮತ ಇಲ್ಲ. ಸ್ನಾಯುಗಳ ಸುತ್ತ ಇರುವ ಪೊರೆ, ಅಂದರೆ ಫ್ಯಾಸಿಯಾ, ಅಂಟಿಕೊಂಡಿದೆ, ಅದನ್ನು ಎಳೆದು ಬಿಡಿಸುತ್ತೇವೆ ಅಂತಲೂ ನಮ್ಮ ವೃತ್ತಿಯಲ್ಲಿ ಹಲವರು ಹೇಳುತ್ತಾರೆ. 2008ರಲ್ಲಿ ಸಂಶೋಧಕರು ಇದಕ್ಕೆ ಲೆಕ್ಕ ಹಾಕಿ ನೋಡಿದರು. ತೊಡೆಯ ಹೊರಬದಿಯ ಮತ್ತು ಅಂಗಾಲಿನ ಪೊರೆಯ ಆಕಾರವನ್ನು ಬರೀ ಶೇ. 1ರಷ್ಟು ಬದಲಿಸಬೇಕಾದರೂ, ಕೈಯಿಂದ ಹಾಕಬಹುದಾದ ಬಲಕ್ಕಿಂತ ತುಂಬಾ ಜಾಸ್ತಿ ಬೇಕು ಅಂತ ಗೊತ್ತಾಯಿತು.

ಹಾಗಾದರೆ ಮಸಾಜ್ ಮಾಡಿಸಿಕೊಂಡವರಿಗೆ ಹಗುರ ಅನ್ನಿಸೋದು ಸುಮ್ನೇನಾ? ಖಂಡಿತ ಅಲ್ಲ. ಕೆಲಸ ನಡೆಯೋ ಜಾಗ ಬೇರೆ, ಅಷ್ಟೇ. ಅದು ನರಮಂಡಲದಲ್ಲಿ ನಡೆಯುತ್ತದೆ.

ಮೊಣಕಾಲು ಬಾಗಿಲಿಗೆ ಬಡಿದರೆ ಯಾರೂ ಹೇಳಿಕೊಡದೆ ಕೈ ಅಲ್ಲಿಗೇ ಹೋಗಿ ಉಜ್ಜುತ್ತೆ ಅಲ್ವಾ? 1965ರಲ್ಲಿ ನೋವಿನ ಬಗ್ಗೆ ಸಂಶೋಧನೆ ಮಾಡುತ್ತಿದ್ದ ರೊನಾಲ್ಡ್ ಮೆಲ್ಜ್ಯಾಕ್ ಮತ್ತು ಪ್ಯಾಟ್ರಿಕ್ ವಾಲ್ ಇದಕ್ಕೊಂದು ವಿವರಣೆ ಕೊಟ್ಟರು. ಮುಟ್ಟುವಿಕೆಯ, ಒತ್ತಡದ ಸುದ್ದಿ ತರುವ ನರಗಳು ಬೆನ್ನುಹುರಿಯ ಮಟ್ಟದಲ್ಲೇ ನೋವಿನ ಸುದ್ದಿಯನ್ನು ತಡೆಯಬಲ್ಲವು ಅನ್ನೋದು ಅದರ ತಿರುಳು. ಆಮೇಲೆ ಅದರ ವಿವರಗಳು ಬದಲಾಗಿವೆ, ಮೂಲ ವಿಚಾರ ಉಳಿದಿದೆ. ಇನ್ನೊಂದು ಬಗೆಯ ನರಗಳೂ ಇವೆ. ಮುಖ್ಯವಾಗಿ ಕೂದಲಿರುವ ಚರ್ಮದಲ್ಲಿರುವ ಇವು, ಮೆತ್ತಗೆ ನಿಧಾನವಾಗಿ ನೀವಿದಾಗ, ಅಂದರೆ ಸೆಕೆಂಡಿಗೆ 1ರಿಂದ 10 ಸೆಂಟಿಮೀಟರ್ ವೇಗದಲ್ಲಿ ಕೈ ಓಡಿದಾಗ ಚೆನ್ನಾಗಿ ಎಚ್ಚೆತ್ತುಕೊಳ್ಳುತ್ತವೆ. ಸರಸರ ಉಜ್ಜಿದರೆ ಅವು ಅಷ್ಟು ಸ್ಪಂದಿಸೋದಿಲ್ಲ. ಅಳುವ ಮಗುವಿನ ಬೆನ್ನು ಸವರುವಾಗ ಕೈ ಎಷ್ಟು ನಿಧಾನ ಹೋಗುತ್ತೆ ಗಮನಿಸಿ, ಹೆಚ್ಚುಕಡಿಮೆ ಅದೇ ವೇಗ.

ಇದನ್ನು ತಿಳಿದುಕೊಂಡರೆ "ಜೋರಾಗಿ ಒತ್ತಿ" ಅನ್ನೋದು ಯಾಕೆ ತಿರುಗುಬಾಣ ಆಗಬಹುದು ಅಂತ ಅರ್ಥವಾಗುತ್ತೆ. ಮುಖ ಕೆಳಗೆ ಮಾಡಿ ಮಲಗಿದವರ ಮುಖ ನನಗೆ ಕಾಣೋದಿಲ್ಲ, ಹಾಗಾಗಿ ನಾನು ಅವರ ಕಾಲ್ಬೆರಳು ನೋಡುತ್ತೇನೆ. ಒತ್ತಡ ಅತಿಯಾದ ಕೂಡಲೇ ಬೆರಳು ಮಡಚಿಕೊಳ್ಳುತ್ತವೆ, ಉಸಿರು ಅರ್ಧಕ್ಕೇ ನಿಲ್ಲುತ್ತೆ, ಪೃಷ್ಠದ ಸ್ನಾಯು ಬಿಗಿಯಾಗುತ್ತೆ. ಬಾಯಿ ಮಾತ್ರ "ಪರವಾಗಿಲ್ಲ, ಮಾಡಿ" ಅನ್ನುತ್ತಿರುತ್ತೆ! ಆ ಹೊತ್ತಲ್ಲಿ ದೇಹ ಸಡಿಲ ಆಗುತ್ತಿಲ್ಲ, ತನ್ನನ್ನು ತಾನು ಕಾಪಾಡಿಕೊಳ್ಳುತ್ತಿದೆ. ನಾನು ಹೆಬ್ಬೆರಳನ್ನು ಅಲ್ಲೇ ಇಟ್ಟು ಬಲವನ್ನು ಅರ್ಧ ಇಳಿಸಿ ಸುಮ್ಮನೆ ಕಾಯುತ್ತೇನೆ. ಸ್ವಲ್ಪ ಹೊತ್ತಿಗೆ ಒಂದು ಉದ್ದನೆಯ ಉಸಿರು ಹೊರಗೆ ಬರುತ್ತೆ, ಬೆರಳಡಿ ಇದ್ದ ಬಿಗಿ ತಾನಾಗಿ ಮೆತ್ತಗಾಗುತ್ತೆ. ಹತ್ತಕ್ಕೆ ಎಷ್ಟು ನೋವಾಗ್ತಿದೆ ಅಂತ ಕೇಳಿದರೆ ನಾಲ್ಕು, ಐದು ಅನ್ನಬೇಕು. ಏಳು ಅಂದರೆ ನಾನು ಮಾಡುತ್ತಿರೋದು ತಪ್ಪು.

ಇದು ನನ್ನ ಕೈಯ ಅನುಭವ ಮಾತ್ರ ಅಲ್ಲ. ಅಮೆರಿಕದ ಸಿಯಾಟಲ್‌ನಲ್ಲಿ ಬಹುಕಾಲದ ಸೊಂಟನೋವು ಇದ್ದ 401 ಜನರ ಮೇಲೆ ನಡೆದ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ನೋವಿನ ಮೂಲ ಹುಡುಕಿ ನಿರ್ದಿಷ್ಟ ಸ್ನಾಯುಗಳಿಗೆ ಮಾಡುವ ಮಸಾಜ್. ಇನ್ನೊಂದಕ್ಕೆ ಮೈಗೆ ಆರಾಮ ಕೊಡುವ ಸಾಮಾನ್ಯ ಮಸಾಜ್. ಮೂರನೆಯ ಗುಂಪಿಗೆ ಮಾಮೂಲಿ ಚಿಕಿತ್ಸೆ. ವಾರಕ್ಕೊಮ್ಮೆಯಂತೆ ಹತ್ತು ವಾರ ಮುಗಿದಾಗ, ಮಸಾಜ್ ಮಾಡಿಸಿಕೊಂಡ ಎರಡೂ ಗುಂಪಿನವರು ಮೂರನೆಯ ಗುಂಪಿಗಿಂತ ಎಷ್ಟೋ ಚೆನ್ನಾಗಿ ಓಡಾಡುತ್ತಿದ್ದರು. ಆದರೆ ಆ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಡೀಪ್ ಟಿಶ್ಯೂ, ಅಂದರೆ ಆಳದ ಸ್ನಾಯುಗಳವರೆಗೆ ಬಲವಾಗಿ ಒತ್ತುವ ಮಸಾಜ್, ಅಂತ ಬೋರ್ಡ್ ಹಾಕಿಕೊಂಡವರಿಗೆ ಇದು ಅಷ್ಟು ಇಷ್ಟವಾಗುವ ಸುದ್ದಿ ಅಲ್ಲ. ಲಾಭ ಆರು ತಿಂಗಳವರೆಗೂ ಕಂಡಿತು, ಒಂದು ವರ್ಷದ ಹೊತ್ತಿಗೆ ಬಹುಮಟ್ಟಿಗೆ ಕರಗಿತ್ತು. ಇದನ್ನೂ ಮುಚ್ಚಿಡಬಾರದು.

2017ರಲ್ಲಿ ಅಮೆರಿಕದ ವೈದ್ಯರ ಸಂಘ, ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್, ಹೊಸದಾಗಿ ಶುರುವಾದ ಸೊಂಟನೋವಿಗೆ ಮಾತ್ರೆಗೆ ಮುಂಚೆ ಪ್ರಯತ್ನಿಸಬಹುದಾದ ಉಪಾಯಗಳಲ್ಲಿ ಬಿಸಿ ಶಾಖದ ಜೊತೆ ಮಸಾಜನ್ನೂ ಸೇರಿಸಿತು. ಸಾಕ್ಷ್ಯ ಅಷ್ಟೇನೂ ಗಟ್ಟಿ ಇಲ್ಲ ಅಂತ ಅವರೇ ಹೇಳಿದ್ದಾರೆ. ಹೀಗೆ ಪ್ರಾಮಾಣಿಕವಾಗಿ ಹೇಳಿದರೇನೇ ನನಗೆ ನಂಬಿಕೆ ಬರೋದು.

ಒಂದು ಸಲ ಮಾಡಿಸಿಕೊಂಡು "ಏನೂ ಆಗ್ಲಿಲ್ಲ" ಅನ್ನುವವರಿಗೆ ಇನ್ನೊಂದು ಮಾತು. ಕತ್ತುನೋವಿನ ಬಗ್ಗೆ 2014ರಲ್ಲಿ ಬಂದ ಅಧ್ಯಯನದಲ್ಲಿ ವಾರಕ್ಕೆ ಎರಡು ಮೂರು ಸಲ, ಪ್ರತಿಸಲ 60 ನಿಮಿಷ ಮಾಡಿದಾಗ ಹೆಚ್ಚು ಗುಣ ಕಂಡಿತು, ಅರ್ಧರ್ಧ ಗಂಟೆ ಮಾಡಿದವರಲ್ಲಿ ಅಷ್ಟಿಲ್ಲ. ಮೊಣಕಾಲಿನ ಸವೆತಕ್ಕೆ ವಾರಕ್ಕೊಮ್ಮೆ 60 ನಿಮಿಷದಂತೆ ಎಂಟು ವಾರ ಅನುಕೂಲ ಅಂತ 2012ರ ಒಂದು ಅಧ್ಯಯನ ಹೇಳಿತು. ಸವೆದ ಕೀಲು ಇದರಿಂದ ಮತ್ತೆ ಬೆಳೆಯೋದಿಲ್ಲ. ನೋವು, ಬಿಗಿತ ಕಡಿಮೆಯಾಗುತ್ತೆ, ಅಷ್ಟಕ್ಕೇ ಮೆಟ್ಟಿಲು ಹತ್ತೋದು ಸುಲಭ ಆಗುತ್ತೆ.

ವ್ಯಾಯಾಮ ಮಾಡುವವರು ಮಾತ್ರ ಲ್ಯಾಕ್ಟಿಕ್ ಆಸಿಡ್, ಅಂದರೆ ಜೋರು ವ್ಯಾಯಾಮದಲ್ಲಿ ಸ್ನಾಯುವಿನೊಳಗೆ ಉಂಟಾಗುವ ಆಮ್ಲದ ಮಾತು ಎತ್ತದೆ ಬಿಡೋದಿಲ್ಲ. ಮಸಾಜ್ ಅದನ್ನು ಹೊರಗೆ ಹಾಕುತ್ತೆ ಅಂತಾರೆ. ಓಟ ನಿಲ್ಲಿಸಿ ಒಂದು ಗಂಟೆಯೊಳಗೆ ದೇಹ ತಾನೇ ಅದನ್ನು ಬಳಸಿ ಮುಗಿಸಿರುತ್ತೆ, ಮಾರನೇ ದಿನದ ಮೈಕೈ ನೋವಿಗೂ ಅದಕ್ಕೂ ಸಂಬಂಧವೇ ಇಲ್ಲ. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದವರು 2012ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 11 ಯುವಕರು ಸುಸ್ತಾಗಿ ಬೀಳುವ ತನಕ ಸೈಕಲ್ ತುಳಿದರು. ಆಮೇಲೆ ಒಂದು ಕಾಲಿಗೆ ಮಾತ್ರ ಹತ್ತು ನಿಮಿಷ ಮಸಾಜ್. ಎರಡೂ ತೊಡೆಗಳಿಂದ ಸ್ನಾಯುವಿನ ಚೂರು ತೆಗೆದು ನೋಡಿದರೆ, ಲ್ಯಾಕ್ಟಿಕ್ ಆಸಿಡ್ ಲೆಕ್ಕದಲ್ಲಿ ಮಸಾಜ್‌ನಿಂದ ಯಾವ ಬದಲಾವಣೆಯೂ ಇಲ್ಲ. ಮಸಾಜ್ ಆದ ಕಾಲಿನಲ್ಲಿ ಉರಿಯೂತದ ಸಂಕೇತಗಳು ಮಾತ್ರ ತಗ್ಗಿದ್ದವು. ಅಂದರೆ ಲಾಭ ಇದೆ, ಜನ ಹೇಳುವ ಕಾರಣಕ್ಕಲ್ಲ. ವಿಷ ಹೊರಹಾಕುತ್ತೆ, ಕೊಬ್ಬು ಕರಗಿಸುತ್ತೆ ಅನ್ನುವವರಿಂದ ದೂರ ಇರಿ. ಆ ವಿಷದ ಹೆಸರೇನು ಅಂತ ಕೇಳಿ ನೋಡಿ, ಉತ್ತರ ಸಿಗೋದಿಲ್ಲ.

ಮನಸ್ಸಿನ ವಿಷಯಕ್ಕೆ ಬಂದರೆ, ಆತಂಕ ಕಡಿಮೆಯಾಗೋದು ಮತ್ತೆ ಮತ್ತೆ ಕಂಡುಬಂದಿರುವ ಲಾಭ. ಆದರೆ ಒತ್ತಡದ ಹಾರ್ಮೋನ್ ಆದ ಕಾರ್ಟಿಸಾಲ್ ಧಡ್ ಅಂತ ಇಳಿದುಬಿಡುತ್ತೆ ಅನ್ನೋದು ಉತ್ಪ್ರೇಕ್ಷೆ, ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಆ ಇಳಿಕೆ ತೀರಾ ಚಿಕ್ಕದು. ಅವಧಿಗೆ ಮುಂಚೆ ಹುಟ್ಟಿದ ಮಕ್ಕಳ ವಿಚಾರ ನಿಜಕ್ಕೂ ಸೋಜಿಗ. 1986ರಲ್ಲಿ ಅಮೆರಿಕದ ಸಂಶೋಧಕಿ ಟಿಫನಿ ಫೀಲ್ಡ್ ಮತ್ತು ಜೊತೆಗಾರರು, ದಿನಕ್ಕೆ ಮೂರು ಸಲ 15 ನಿಮಿಷ ನೀವಿಸಿಕೊಂಡ ಇಂಥ ಶಿಶುಗಳು ಉಳಿದ ಶಿಶುಗಳಿಗಿಂತ ದಿನಕ್ಕೆ ಶೇ. 47ರಷ್ಟು ಹೆಚ್ಚು ತೂಕ ಪಡೆದವು ಅಂತ ವರದಿ ಮಾಡಿದರು. ಎರಡೂ ಗುಂಪು ಕುಡಿದ ಹಾಲು ಹೆಚ್ಚುಕಡಿಮೆ ಅಷ್ಟೇ.

ಈಗ ಎಚ್ಚರಿಕೆ, ಇದನ್ನು ಓಡಿಸಿ ಓದಬೇಡಿ. ಒಂದೇ ಕಾಲಿನ ಮೀನಖಂಡ ಬಾತುಕೊಂಡಿದೆ, ಮುಟ್ಟಿದರೆ ಬಿಸಿ, ನೋವು, ಬಣ್ಣ ಸ್ವಲ್ಪ ಕೆಂಪು ಅಥವಾ ಗಾಢ. ಇತ್ತೀಚೆಗೆ ಆಪರೇಷನ್ ಆಗಿದೆ, ಇಲ್ಲವೇ ಗಂಟೆಗಟ್ಟಲೆ ಕೂತು ಪ್ರಯಾಣ ಮಾಡಿದ್ದೀರಿ. ಆಗ ಅದನ್ನು ಸ್ನಾಯು ಹಿಡಿತ ಅಂದುಕೊಂಡು ತಿಕ್ಕಿಸಿಕೊಳ್ಳಬೇಡಿ. ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು, ಆ ಹೆಪ್ಪು ಕಳಚಿಕೊಂಡು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಅವತ್ತೇ ಆಸ್ಪತ್ರೆಗೆ ಹೋಗಿ. ಇಂಥ ಕಾಲನ್ನು ನಾನು ಮುಟ್ಟೋದಿಲ್ಲ, ಬಂದವರು ಎಷ್ಟೇ ಬೇಜಾರು ಮಾಡಿಕೊಂಡರೂ. ಜ್ವರ, ಚರ್ಮದ ಸೋಂಕು, ಹೊಸ ಗಾಯ ಇದ್ದಾಗ ಮುಂದಕ್ಕೆ ಹಾಕಿ. ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರು, ಮೂಳೆ ಸವೆತ ಇರುವವರು ಮೊದಲೇ ಹೇಳಿಬಿಡಿ. ಕತ್ತಿನ ಮುಂಭಾಗವನ್ನು ಯಾರಿಗೂ ಬಲವಾಗಿ ಒತ್ತಲು ಬಿಡಬೇಡಿ, ಕತ್ತನ್ನು ಲಟಕ್ ಅನ್ನಿಸೋದಕ್ಕಂತೂ ಬೇಡವೇ ಬೇಡ. ಕ್ಯಾನ್ಸರ್ ಇರುವವರಿಗೆ ಮಸಾಜ್ ಮಾಡಿದರೆ ರೋಗ ಹರಡುತ್ತೆ ಅನ್ನೋ ಹೆದರಿಕೆಗೆ ಆಧಾರ ಇಲ್ಲ, ಆದರೆ ಗೆಡ್ಡೆ ಇರುವ ಜಾಗ ಬಿಟ್ಟು, ವೈದ್ಯರನ್ನು ಕೇಳಿ, ಹಗುರ ಕೈಯಲ್ಲೇ ಮಾಡಬೇಕು.

ಮಾಡಿಸಿಕೊಂಡ ಮೇಲೆ ಒಂದೆರಡು ದಿನ ಸಣ್ಣಗೆ ನೋವಿರಬಹುದು, ಅದು ಸಹಜ. ನೀಲಿಗಟ್ಟಿದರೆ ಕೈ ಅತಿಯಾಯಿತು ಅಂತ ಅರ್ಥ. ತೀವ್ರ ನೋವು, ಸುಸ್ತಿನ ಜೊತೆ ಮೂತ್ರ ಕಡು ಕಂದು ಬಣ್ಣಕ್ಕೆ ತಿರುಗಿದರೆ ಸ್ನಾಯುವಿಗೇ ಪೆಟ್ಟಾಗಿರಬಹುದು, ತಡಮಾಡದೆ ತೋರಿಸಿ. ಇದು ಅಪರೂಪ. ಮಾಮೂಲಿಯಾಗಿ ಆಗೋದು ಅಂದರೆ ಕೆಲವು ಗಂಟೆ, ಕೆಲವರಿಗೆ ಕೆಲವು ದಿನ, ನೋವು ಹಿಂದೆ ಸರಿದಿರುತ್ತೆ. ಆ ಬಿಡುವಿನಲ್ಲಿ ಸುಮ್ನೆ ಮಲಗಿಬಿಟ್ಟರೆ ಅರ್ಧ ಲಾಭ ಹೋಯಿತು. ನೋವಿಗೆ ಹೆದರಿ ನಿಲ್ಲಿಸಿದ್ದ ನಡಿಗೆ, ಬಗ್ಗೋದು, ಕೈ ಮೇಲೆತ್ತೋದು, ಇವನ್ನೆಲ್ಲ ಅವತ್ತೇ ಸ್ವಲ್ಪ ಸ್ವಲ್ಪ ಶುರು ಮಾಡಿ.

ಪ್ರತಿಸಲ ನಮ್ಮ ಹತ್ತಿರವೇ ಬರಬೇಕಿಲ್ಲ. ಒಂದು ಟೆನಿಸ್ ಚೆಂಡು ತಗೊಳ್ಳಿ, ಗೋಡೆಗೂ ಬೆನ್ನಿಗೂ ನಡುವೆ ಇಟ್ಟು ನಿಂತುಕೊಳ್ಳಿ. ಬೆನ್ನುಮೂಳೆಯ ಮೇಲಲ್ಲ, ಅದರ ಪಕ್ಕದ ಮಾಂಸದ ಮೇಲೆ ಇರಬೇಕು. ಮೊಣಕಾಲು ಸ್ವಲ್ಪ ಬಗ್ಗಿಸಿ ನಿಧಾನ ಮೇಲೆ ಕೆಳಗೆ ಮಾಡಿ, ನೋಯುವ ಜಾಗ ಸಿಕ್ಕಿದಾಗ ಅಲ್ಲೇ ನಿಂತು ನಾಲ್ಕೈದು ಸಲ ಉದ್ದಕ್ಕೆ ಉಸಿರು ಬಿಡಿ. ಉಸಿರು ಕಟ್ಟುವಂತಾದರೆ ಗೋಡೆಯಿಂದ ಅರ್ಧ ಹೆಜ್ಜೆ ಮುಂದೆ ಬನ್ನಿ. ಒಂದು ಜಾಗಕ್ಕೆ ಒಂದೆರಡು ನಿಮಿಷ ಸಾಕು.