ಕ್ಯಾಮೆರಾ ಇಡುವ ಮೊದಲು ಕರಾರು ಪತ್ರ

ಮಂಗಳೂರು ಹಂಪನಕಟ್ಟೆಯ ನನ್ನ ಆಫೀಸಿಗೆ ಬಿ.ಕಾಂ. ಮುಗಿಸಿದ ಮಕ್ಕಳು ಬಂದು ಕೇಳುವುದುಂಟು: ‘ಸರ್, ಯಾವ ಸಿನಿಮಾ ಮಾಡ್ಬೇಕು ಅಂತ ತೀರ್ಮಾನ ಮಾಡುವ ಕೆಲಸಕ್ಕೆ ಎಂಥ ಓದ್ಬೇಕು?’ ಕಥೆ ಕೇಳುವ ಕಿವಿ ಬೇಕು, ಬಜೆಟ್ ಹಾಕಲು ಬರಬೇಕು. ನಾನು ಮೊದಲು ಅವರ ಕೈಗೆ ಕೊಡುವುದು ಮಾತ್ರ ಒಂದು ಕರಾರು ಪತ್ರ. ಓದಿ, ಏನು ಬಿಟ್ಟುಹೋಗಿದೆ ಹೇಳಿ ಅನ್ನುತ್ತೇನೆ.

1971ರ ‘ಎನ್ನ ತಂಗಡಿ’ಯಿಂದ ಶುರುವಾದ ತುಳು ಚಿತ್ರರಂಗ ಎಷ್ಟೋ ಕಥೆಗಳನ್ನು ನಾಟಕದಿಂದ ಎತ್ತಿಕೊಂಡಿದೆ. ಬರೆದವರೂ ನಿರ್ಮಾಪಕರೂ ಪರಿಚಯಸ್ಥರು. ‘ನಾವು ನಾವೇ ಅಲ್ವಾ ಮಾರ್ರೆ, ಪತ್ರ ಎಂಥಕ್ಕೆ?’ ಎಂಬಲ್ಲಿಗೆ ವ್ಯವಹಾರ ಮುಗಿಯುತ್ತದೆ.

ಒಮ್ಮೆ ನಿರ್ಮಾಪಕರೊಬ್ಬರ ಚಿತ್ರಕ್ಕೆ ಹಿಂದಿ ರೀಮೇಕ್ ಕೇಳಿಕೊಂಡು ಮುಂಬೈಯಿಂದ ಕರೆ ಬಂತು. ಫೈಲಿನಲ್ಲಿದ್ದದ್ದು ಒಂದೇ ಹಾಳೆ, ಮಡಿಕೆಯಲ್ಲಿ ಹರಿಯಲು ಶುರುವಾದ ಸ್ಟಾಂಪ್ ಪೇಪರ್. ‘ಕಥೆಯ ಸಂಪೂರ್ಣ ಹಕ್ಕನ್ನು ಕೊಟ್ಟಿರುತ್ತೇನೆ’ ಎಂಬ ಸಾಲು, ಕೆಳಗೆ ಕಥೆ ಬರೆದ ನಾಟಕಕಾರರ ಸಹಿ. ಎಷ್ಟು ವರ್ಷಕ್ಕೆಂದಿಲ್ಲ, ಎಲ್ಲಿಗೆಂದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮಿನಂತೆ, ಅವಧಿ ಬರೆಯದಿದ್ದರೆ ಹಕ್ಕು 5 ವರ್ಷಕ್ಕಷ್ಟೇ. ಪ್ರದೇಶ ಬರೆಯದಿದ್ದರೆ ಭಾರತಕ್ಕಷ್ಟೇ. ಸಹಿ ಬಿದ್ದು 7 ವರ್ಷವಾಗಿತ್ತು. ತಯಾರಾದ ಚಿತ್ರ ನಿರ್ಮಾಪಕರದ್ದೇ, ಅದರ ಹಕ್ಕು ಬಿಡುಗಡೆಯ ಮರುವರ್ಷದಿಂದ 60 ವರ್ಷ. ಆದರೆ ಅದೇ ಕಥೆಯಿಂದ ಇನ್ನೊಂದು ಚಿತ್ರ ಮಾಡಿಸುವ ಅಧಿಕಾರ ನಾಟಕಕಾರರಿಗೆ ಮರಳಿತ್ತು.

ಮೂಡುಬಿದಿರೆಯ ಅವರ ಮನೆಗೆ ಹೋದೆವು. ಜಗಲಿಯಲ್ಲಿ ಕೂತು ಹೊಸ ಪತ್ರ ಬರೆದೆವು. ಅವಧಿ, ಪ್ರದೇಶ, ಭಾಷೆ ಎಲ್ಲ ಬಿಡಿಸಿ ಬರೆದು, ರೀಮೇಕ್ ಹಣದಲ್ಲಿ ಅವರಿಗೂ ಪಾಲಿಟ್ಟೆವು. ಅದು ನ್ಯಾಯ, ಮೊದಲೇ ಆಗಬೇಕಿದ್ದ ನ್ಯಾಯ.

ಈ ಕೆಲಸದ ದಾರಿ ಶುರುವಾಗುವುದು ಸೆಟ್ಟಿನ ಲೆಕ್ಕದಿಂದ. ವೋಚರ್ ಬರೆಯಬೇಕು, ಬಾಟಾ, ಅಂದರೆ ದಿನಭತ್ಯೆ, ಹಂಚಬೇಕು. ಆಟಿ ತಿಂಗಳ ಮಳೆಗೆ ಶೂಟಿಂಗ್ ನಿಂತರೂ ಜನರೇಟರಿನ ಬಾಡಿಗೆ ನಿಲ್ಲುವುದಿಲ್ಲ ಎಂಬುದು ಅಲ್ಲೇ ಗೊತ್ತಾಗುವುದು. ಆಮೇಲೆ ಪ್ರೊಡಕ್ಷನ್ ಮ್ಯಾನೇಜರ್, ಆಮೇಲೆ ಎಕ್ಸಿಕ್ಯೂಟಿವ್ ಪ್ರೊಡ್ಯೂಸರ್. ಈ ನಡುವೆ ವರ್ಷಗಳು ಹೋಗುತ್ತವೆ, ಅವಸರ ಮಾಡಬೇಡಿ.

ಮೊನ್ನೆ ಉಡುಪಿಯ ಹುಡುಗಿಯೊಬ್ಬಳು ಪತ್ರವನ್ನು ಎರಡು ಸಲ ಓದಿದಳು. ‘ಸರ್, ಹಾಡು ಬರೆದವರ ರಾಯಲ್ಟಿ ವಿಷಯ ಇದ್ರಲ್ಲಿ ಇಲ್ಲ.’ ಹೌದು, ಇರಲಿಲ್ಲ. ಚಿತ್ರಮಂದಿರದಲ್ಲಿ ಚಿತ್ರದ ಜೊತೆ ಕೇಳಿಸುವುದನ್ನು ಬಿಟ್ಟು, ಹಾಡು ಬೇರೆಡೆ ಬಳಕೆಯಾದರೆ ರಾಯಲ್ಟಿಯಲ್ಲಿ ಸಾಹಿತಿ, ಸಂಗೀತ ಸಂಯೋಜಕರಿಗೆ ಹಕ್ಕು ಪಡೆದವರ ಜೊತೆ ಸಮಪಾಲು ಸಲ್ಲಬೇಕೆಂದು 2012ರ ತಿದ್ದುಪಡಿ ಹೇಳುತ್ತದೆ. ಸೋಮವಾರದಿಂದ ವೋಚರ್ ಫೈಲು ಅವಳ ಮೇಜಿನ ಮೇಲಿರುತ್ತದೆ.