ಮ್ಯಾಕ್‌ಬೆತ್ ಕೊಂದ ನಿದ್ದೆ

ಮಲಗಿದ್ದ ರಾಜ ಡಂಕನ್‌ನನ್ನು ಇರಿದು ಬಂದ ಸೇನಾನಿ ಮ್ಯಾಕ್‌ಬೆತ್‌ನ ಕಿವಿಯಲ್ಲಿ ಒಂದು ದನಿ ಮೊಳಗುತ್ತಿರುತ್ತದೆ: ಇನ್ನು ನಿದ್ದೆಯಿಲ್ಲ, ಮ್ಯಾಕ್‌ಬೆತ್ ನಿದ್ದೆಯನ್ನೇ ಕೊಂದ. ಷೇಕ್ಸ್‌ಪಿಯರ್ ‘ಮ್ಯಾಕ್‌ಬೆತ್’ ನಾಟಕವನ್ನು ಬರೆದದ್ದು 1606ರ ಸುಮಾರಿಗೆ. ಅಧಿಕಾರದಾಸೆ ಕೊಲೆ ಮಾಡಿಸಿತು, ಕೊಲೆ ಪಾಪಪ್ರಜ್ಞೆ ತಂದಿತು ಎಂಬುದು ಎಲ್ಲರಿಗೂ ಗೊತ್ತಿರುವ ಕಥೆ. ಆದರೆ ಪಶ್ಚಾತ್ತಾಪದಿಂದ ಕುಗ್ಗಬೇಕಿದ್ದವನು ಎಲ್ಲರನ್ನೂ ಶಂಕಿಸುವವನಾದದ್ದು ಹೇಗೆ? ನಡುವಿನ ಕೊಂಡಿ ನಿದ್ದೆಗೇಡು ಎಂದು ನನಗನಿಸುತ್ತದೆ. ನಾಟಕವೇ ಅದನ್ನು ಹೇಳುತ್ತದೆ.

ಅವನು ರಾಜನಾದ ಮೇಲಿನ ಔತಣದ ದೃಶ್ಯ ನೋಡಿ. ತಾನೇ ಕೊಲ್ಲಿಸಿದ ಗೆಳೆಯ, ಜೊತೆಯ ಸೇನಾನಿ ಬ್ಯಾಂಕೊ ಖಾಲಿ ಪೀಠದಲ್ಲಿ ಕೂತಂತೆ ಅವನಿಗೆ ಕಾಣುತ್ತದೆ. ಅತಿಥಿಗಳು ಹೋದ ಮೇಲೆ, ಪ್ರತಿಯೊಬ್ಬ ಸರದಾರನ ಮನೆಯಲ್ಲೂ ಸಂಬಳ ಕೊಟ್ಟು ಒಬ್ಬ ಆಳನ್ನು ಬೇಹಿಗೆ ಇಟ್ಟಿದ್ದೇನೆ ಎನ್ನುತ್ತಾನೆ. ಹೆಂಡತಿ ಕೊಡುವ ಉತ್ತರ ಒಂದೇ: ನಿಮಗೆ ನಿದ್ದೆ ಇಲ್ಲ.

2007ರಲ್ಲಿ ಅಮೆರಿಕದ ವಿಜ್ಞಾನಿಗಳು ಒಂದಿಡೀ ರಾತ್ರಿ ನಿದ್ದೆಗೆಟ್ಟವರಿಗೆ ಅಹಿತಕರ ಚಿತ್ರಗಳನ್ನು ತೋರಿಸಿ ಮೆದುಳಿನ ಸ್ಕ್ಯಾನ್ ಮಾಡಿದರು. ಅಪಾಯದ ಸುಳಿವು ಹಿಡಿಯುವ ಅಮಿಗ್ಡಲಾ ಎಂಬ ಭಾಗ, ಚೆನ್ನಾಗಿ ಮಲಗಿದ್ದವರಿಗಿಂತ ಸುಮಾರು ಶೇ. 60ರಷ್ಟು ಹೆಚ್ಚು ಕೆರಳಿತ್ತು. ಅದನ್ನು ಹದ್ದುಬಸ್ತಿನಲ್ಲಿಡುವ ಮುಂಮೆದುಳಿನ ಜೊತೆಗಿನ ನಂಟೂ ಸಡಿಲವಾಗಿತ್ತು.

ಹಾಗೆಂದು ಎಲ್ಲವನ್ನೂ ನಿದ್ದೆಯ ತಲೆಗೆ ಕಟ್ಟಲಾಗದು. ಗಾಳಿಯಲ್ಲಿ ತೇಲುವ ಕಠಾರಿ ಅವನಿಗೆ ಕಂಡದ್ದು ಕೊಲೆಗೂ ಮೊದಲೇ. ಬ್ಯಾಂಕೊನ ಬಗೆಗಿನ ಭಯಕ್ಕೆ ಕಾರಣವೂ ಇತ್ತು. ಮ್ಯಾಕ್‌ಬೆತ್ ರಾಜನಾಗುತ್ತಾನೆ, ಬ್ಯಾಂಕೊನ ವಂಶದವರೂ ರಾಜರಾಗುತ್ತಾರೆ ಎಂದು ಮಾಟಗಾತಿಯರು ನುಡಿದ ಭವಿಷ್ಯವನ್ನು ಆತನೂ ಕೇಳಿದ್ದ. ಆದರೆ ತನ್ನನ್ನು ವಿರೋಧಿಸಿದ ಸರದಾರ ಮ್ಯಾಕ್‌ಡಫ್‌ನ ಹೆಂಡತಿ, ಎಳೆಯ ಮಕ್ಕಳಿಂದ ಯಾವ ಭಯವಿತ್ತು? ಅವರನ್ನೂ ಕೊಲ್ಲಿಸಿದ. ಅಲ್ಲಿಗೆ ಶಂಕೆಗೆ ಕಾರಣವೇ ಬೇಕಿರಲಿಲ್ಲ.

ಲೇಡಿ ಮ್ಯಾಕ್‌ಬೆತ್‌ಗೆ ನಿದ್ದೆ ಬರುತ್ತದೆ, ಆದರೆ ಆ ನಿದ್ದೆಯಲ್ಲೇ ಎದ್ದು ನಡೆಯುತ್ತಾಳೆ, ಇಲ್ಲದ ರಕ್ತದ ಕಲೆಯನ್ನು ಉಜ್ಜುತ್ತಾಳೆ. ಕಣ್ಣು ತೆರೆದಿವೆಯಲ್ಲ ಎಂದು ವೈದ್ಯ ಬೆರಗಾದರೆ, ಸೇವಕಿ ಹೇಳುತ್ತಾಳೆ: ತೆರೆದಿವೆ, ಆದರೆ ಅವಕ್ಕೆ ಅರಿವಿಲ್ಲ. ಎಷ್ಟು ನಿಖರವಾದ ಮಾತು! ನಿದ್ದೆನಡಿಗೆ ಗಾಢನಿದ್ದೆಯಲ್ಲಿ ಹುಟ್ಟುತ್ತದೆ. ಮೈ ಆಡಿಸುವ ಭಾಗಗಳು ಎಚ್ಚರಾಗಿದ್ದರೂ ವಿವೇಚಿಸುವ ಭಾಗಗಳು ಮಲಗಿರುತ್ತವೆ. ಮನಸ್ಸಿನ ಒತ್ತಡ, ನಿದ್ದೆಯ ಕೊರತೆ ಅದನ್ನು ಕೆದಕುತ್ತವೆ.

ಮನಸ್ಸಿನ ರೋಗಕ್ಕೆ ಮದ್ದಿಲ್ಲವೇ ಎಂದು ಮ್ಯಾಕ್‌ಬೆತ್ ಕೇಳಿದಾಗ ವೈದ್ಯ ಕೈಚೆಲ್ಲುತ್ತಾನೆ: ಆ ಚಿಕಿತ್ಸೆಯನ್ನು ರೋಗಿಯೇ ಮಾಡಿಕೊಳ್ಳಬೇಕು. ಆಕ್ಸ್‌ಫರ್ಡಿನ ಮನೋವಿಜ್ಞಾನಿ ಡೇನಿಯಲ್ ಫ್ರೀಮನ್ ತಂಡ 2017ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ನಿದ್ರಾಹೀನತೆಯಿಂದ ಬಳಲುವ 3,755 ವಿದ್ಯಾರ್ಥಿಗಳಿದ್ದರು. ಅವರಲ್ಲಿ ಒಂದು ಗುಂಪಿಗೆ ನಿದ್ದೆಯ ರೂಢಿಗಳನ್ನು ತಾವೇ ತಿದ್ದಿಕೊಳ್ಳುವುದನ್ನು ಆನ್‌ಲೈನಿನಲ್ಲಿ ಕಲಿಸಲಾಯಿತು. ಆ ಗುಂಪಿನಲ್ಲಿ ನಿದ್ದೆ ಸುಧಾರಿಸಿದ್ದಷ್ಟೇ ಅಲ್ಲ, ಇತರರು ತಮಗೆ ಕೇಡೆಣಿಸುತ್ತಿದ್ದಾರೆಂಬ ಶಂಕೆಯೂ ಭ್ರಮೆಗಳೂ ತಗ್ಗಿದವು.