ತಿಂಗಳು ತುಂಬುವ ಮೊದಲೇ ಕೂಸಿನ ಕಣ್ಣು ತೋರಿಸಬೇಕೇ?

ಪ್ರಶ್ನೆ: ನಮ್ಮ ಮಗಳಿಗೆ 31 ವಾರಕ್ಕೇ ಹೆರಿಗೆಯಾಯಿತು. ಕೂಸು 1,400 ಗ್ರಾಂ ಇತ್ತು. ಈಗ ಮನೆಗೆ ಬಂದಿದೆ, ಹಾಲು ಕುಡಿಯುತ್ತಿದೆ, ಕಣ್ಣೂ ನಿಚ್ಚಳವಾಗಿದೆ. ತಿಂಗಳೊಳಗೆ ಕಣ್ಣು ತೋರಿಸಿ ಎಂದು ಆಸ್ಪತ್ರೆಯ ಚೀಟಿಯಲ್ಲಿ ಬರೆದಿದ್ದಾರೆ. ಬಾಣಂತನ ಮುಗಿಸಿಕೊಂಡು, ಮೂರು ತಿಂಗಳಿಗೆ ಹೋದರೆ ಆಗದೇ?

ಆಗದು, ದಯವಿಟ್ಟು ಕಾಯಬೇಡಿ. ಎಳೆಗೂಸನ್ನು ಹೊಸಿಲು ದಾಟಿಸಬಾರದು ಎಂಬ ನಿಮ್ಮ ಆತಂಕ ಸಹಜವೇ. ಆದರೂ ಈ ಒಂದು ಕೆಲಸಕ್ಕೆ ಬೆಚ್ಚಗೆ ಸುತ್ತಿಕೊಂಡು ಹೊರಡಲೇಬೇಕು.

ಕಣ್ಣಿನ ಹಿಂಬದಿಯ ಪರದೆಗೆ, ಅಂದರೆ ರೆಟಿನಾಕ್ಕೆ, ರಕ್ತನಾಳಗಳು ಬಸಿರಿನ 16ನೇ ವಾರದ ಸುಮಾರಿಗೆ ನಡುವಿನಿಂದ ಹಬ್ಬತೊಡಗುತ್ತವೆ. ಅಂಚು ಮುಟ್ಟುವುದು ದಿನ ತುಂಬುವ ಹೊತ್ತಿಗೆ. 31 ವಾರಕ್ಕೆ ಹುಟ್ಟಿದ ಮಗುವಿನಲ್ಲಿ ಆ ಅಂಚು ಇನ್ನೂ ಬರಿದು. ಗರ್ಭಕ್ಕಿಂತ ಹೊರಗೆ ಆಮ್ಲಜನಕ ಹೆಚ್ಚು. ಉಸಿರಾಟಕ್ಕೆಂದು ಕೊಡುವ ಆಮ್ಲಜನಕವೂ ಸೇರಿದರೆ ನಾಳಗಳ ಬೆಳವಣಿಗೆ ಅಲ್ಲಿಗೇ ನಿಲ್ಲಬಹುದು. ಕೆಲವು ವಾರಗಳಲ್ಲಿ ಬರಿದಾದ ಭಾಗ ರಕ್ತಕ್ಕಾಗಿ ಹಪಹಪಿಸಿದಾಗ, ದುರ್ಬಲವಾದ ಹೊಸ ನಾಳಗಳು ಅಡ್ಡಾದಿಡ್ಡಿಯಾಗಿ ಚಿಗುರುತ್ತವೆ. ಅವು ಸೋರುತ್ತವೆ, ಗಂಟುಕಟ್ಟುತ್ತವೆ, ಕೊನೆಗೆ ರೆಟಿನಾವನ್ನೇ ಎಳೆದು ಕಿತ್ತುಬಿಡಬಹುದು. ಇದೇ ಆರ್‌ಒಪಿ (ರೆಟಿನೋಪತಿ ಆಫ್ ಪ್ರಿಮೆಚ್ಯೂರಿಟಿ), ಅಂದರೆ ಅವಧಿಗೆ ಮುನ್ನ ಹುಟ್ಟಿದ ಕೂಸುಗಳ ರೆಟಿನಾಕ್ಕೆ ತಗಲುವ ರೋಗ. ಬೋಸ್ಟನ್ನಿನ ವೈದ್ಯ ಥಿಯೋಡೋರ್ ಟೆರಿ ಇದನ್ನು ಮೊದಲು ವರದಿ ಮಾಡಿದ್ದು 1942ರಲ್ಲಿ.

ಇಷ್ಟೆಲ್ಲ ಒಳಗೆ ನಡೆಯುತ್ತಿದ್ದರೂ ಕಣ್ಣು ಕೆಂಪಾಗದು, ನೀರು ಸುರಿಯದು. ಪಾಪೆಯಲ್ಲಿ ಬಿಳುಪು ಕಾಣಿಸುವ ಹೊತ್ತಿಗೆ ಸಾಮಾನ್ಯವಾಗಿ ಕಾಲ ಮಿಂಚಿರುತ್ತದೆ.

ನಮ್ಮ ದೇಶದ ನಿಯಮದಂತೆ 34 ವಾರಕ್ಕಿಂತ ಮೊದಲು ಹುಟ್ಟಿದ ಅಥವಾ 2 ಕಿಲೋಗಿಂತ ಕಡಿಮೆ ತೂಗಿದ ಮಕ್ಕಳಿಗೆ 30 ದಿನದೊಳಗೆ ಮೊದಲ ಪರೀಕ್ಷೆ ಆಗಬೇಕು; ತೀರಾ ಎಳೆಯವಕ್ಕೆ, ಅಂದರೆ 28 ವಾರಕ್ಕೆ ಮೊದಲೇ ಹುಟ್ಟಿದವಕ್ಕೆ, ಎರಡು ಮೂರು ವಾರದಲ್ಲೇ. ಎಣಿಕೆ ಹುಟ್ಟಿದ ದಿನದಿಂದ, ಮನೆಗೆ ಬಂದ ದಿನದಿಂದಲ್ಲ. ಹಲವರು ಎಡವುವುದು ಇಲ್ಲಿಯೇ.

ಪರೀಕ್ಷೆಗೆ ಮೊದಲು ಪಾಪೆ ಹಿಗ್ಗಲು ಹನಿ ಹಾಕುತ್ತಾರೆ. ಮಗುವನ್ನು ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ, ರೆಪ್ಪೆಗಳ ನಡುವೆ ಪುಟ್ಟ ತಂತಿಯ ಸಾಧನ ಇಟ್ಟು ಕಣ್ಣು ತೆರೆಸುತ್ತಾರೆ. ಮಗು ಚೀರಿ ಅಳುತ್ತದೆ. ನೋಡುವವರಿಗೆ ಕರುಳು ಕಿತ್ತು ಬರುತ್ತದೆ, ನಿಜ. ಆದರೆ ಕೆಲವೇ ನಿಮಿಷಗಳ ಕೆಲಸ, ಎದೆಗೆ ಹಾಕಿಕೊಂಡರೆ ಮಗು ಸುಮ್ಮನಾಗುತ್ತದೆ. ಒಮ್ಮೆ ತೋರಿಸಿದರೆ ಸಾಲದು. ನಾಳಗಳು ಅಂಚು ಮುಟ್ಟುವವರೆಗೆ ವೈದ್ಯರು ಹೇಳಿದ ದಿನವೇ ಮತ್ತೆ ಹೋಗಬೇಕು. ಅನೇಕ ಮಕ್ಕಳಲ್ಲಿ ಇದು ತಾನಾಗಿಯೇ ಇಳಿಯುತ್ತದೆ. ಚಿಕಿತ್ಸೆ ಬೇಕೆಂದರೆ ಮಾತ್ರ ಎರಡು ಮೂರು ದಿನದೊಳಗೆ ಲೇಸರ್ ಅಥವಾ ಚುಚ್ಚುಮದ್ದು ಆಗಿಬಿಡಬೇಕು.

ಚೆನ್ನೈಯಲ್ಲಿ 1996ರಲ್ಲಿ ಅವಧಿಗೆ ಮುನ್ನ ಹುಟ್ಟಿದ ಒಂದು ಹೆಣ್ಣುಮಗುವಿನ ಹೆತ್ತವರಿಗೆ ಈ ಪರೀಕ್ಷೆಯ ಮಾತನ್ನು ಯಾರೂ ಹೇಳಲಿಲ್ಲ. ದೃಷ್ಟಿ ಹೋಯಿತು. 2015ರಲ್ಲಿ ಸುಪ್ರೀಂ ಕೋರ್ಟ್ ಸುಮಾರು 1.8 ಕೋಟಿ ರೂಪಾಯಿ ಪರಿಹಾರ ಕೊಡಿಸಿತು, ಕಣ್ಣು ಮಾತ್ರ ಮರಳಲಿಲ್ಲ. ನಿಮಗೆ ಚೀಟಿಯಲ್ಲಿ ಬರೆದುಕೊಟ್ಟಿದ್ದಾರೆ.

ದೂರವೆಂದು ಹಿಂಜರಿಯಬೇಡಿ. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಆರಂಭಿಸಿದ ಕಿಡ್‌ರಾಪ್ ಯೋಜನೆಯಲ್ಲಿ ತರಬೇತಿ ಪಡೆದ ತಂತ್ರಜ್ಞರು ಜಿಲ್ಲೆಗಳಿಗೇ ಕ್ಯಾಮೆರಾ ಒಯ್ದು ಕೂಸುಗಳ ರೆಟಿನಾದ ಚಿತ್ರ ತೆಗೆಯುತ್ತಾರೆ. ನಿಮ್ಮ ಜಿಲ್ಲಾಸ್ಪತ್ರೆಯ ನವಜಾತ ಶಿಶು ಘಟಕದಲ್ಲಿ ಆರ್‌ಒಪಿ ಪರೀಕ್ಷೆ ಯಾವ ದಿನ, ಎಲ್ಲಿ ಎಂದು ಇವತ್ತೇ ವಿಚಾರಿಸಿ. ಹೊರಡುವಾಗ ವಾರ ಮತ್ತು ತೂಕ ಬರೆದಿರುವ ಆ ಚೀಟಿ ಕೈಯಲ್ಲಿರಲಿ.